ಹಂಚಿಕೆಯ ಸಂಚಾರ ಮತ್ತು ಸಾರ್ವಜನಿಕ ಸಾರಿಗೆ ಸಂಸ್ಥೆಗಳು

ಒಂದೇ ವಾಹನವನ್ನು ಹಲವರು ಸರದಿಯಲ್ಲಿಯೋ ಒಟ್ಟಿಗೆಯೋ ಬಳಸುವ ಏರ್ಪಾಡಿಗೆ ಹಂಚಿಕೆಯ ಸಂಚಾರ ಎಂದು ಹೆಸರು. ಗಂಟೆ ಲೆಕ್ಕದ ಬಾಡಿಗೆ ಕಾರು, ಒಂದು ನಿಲ್ದಾಣದಲ್ಲಿ ತೆಗೆದುಕೊಂಡು ಇನ್ನೊಂದರಲ್ಲಿ ಬಿಡುವ ಸೈಕಲ್, ಆ್ಯಪ್‌ನಲ್ಲಿ ಕರೆಸುವ ಆಟೋ ಮತ್ತು ಟ್ಯಾಕ್ಸಿ, ಕರೆದಾಗ ಬರುವ ಮಿನಿ ಬಸ್ಸು, ಷೇರ್ ಆಟೋ ಇವೆಲ್ಲ ಅದರ ರೂಪಗಳು. ಇವನ್ನು ಬಸ್ಸು, ಮೆಟ್ರೋ, ರೈಲುಗಳೊಡನೆ ಬೆಸೆದು, ಮನೆ ಬಾಗಿಲಿನಿಂದ ತಲುಪಬೇಕಾದ ಜಾಗದವರೆಗಿನ ಹಾದಿಯನ್ನು ಒಂದೇ ಪ್ರಯಾಣವಾಗಿ ಒದಗಿಸಿದರೆ ಅದು ಸಂಯೋಜಿತ ಸಂಚಾರ ಸೇವೆ.

ಕಳೆದ ಎರಡು ದಶಕಗಳಲ್ಲಿ ಈ ಸೇವೆಗಳು ಜಗತ್ತಿನ ದೊಡ್ಡ ಊರುಗಳಲ್ಲೆಲ್ಲ ಹಬ್ಬಿವೆ. ಹೆಚ್ಚಿನವು ಖಾಸಗಿ ಕಂಪನಿಗಳವು. ನಿಗದಿತ ಮಾರ್ಗ, ನಿಗದಿತ ವೇಳೆ, ಸರ್ಕಾರ ಗೊತ್ತುಮಾಡಿದ ದರ ಎಂಬ ಮೂರು ಕಂಬಗಳ ಮೇಲೆ ನಿಂತಿದ್ದ ಸಾರಿಗೆ ಸಂಸ್ಥೆಗಳಿಗೆ ಇವು ಒಮ್ಮೆ ಎದುರಾಳಿಯಾಗಿ, ಒಮ್ಮೆ ಸಹಾಯಕನಾಗಿ ಕಂಡಿವೆ. ಹೊಂದಿಕೊಳ್ಳಲು ಹೊರಟ ಸಂಸ್ಥೆಗಳ ಅನುಭವವನ್ನು ಒಟ್ಟಾಗಿ ನೋಡಿದರೆ ಒಂದು ಮಾತು ಖಚಿತವಾಗುತ್ತದೆ. ಪದೇಪದೇ ಬರುವ, ನಂಬಬಹುದಾದ ಬಸ್ಸು ಮತ್ತು ರೈಲು ಇರುವ ಕಡೆ ಮಾತ್ರ ಹಂಚಿಕೆಯ ವಾಹನಗಳು ಊರಿಗೆ ಉಪಕಾರಿಯಾಗಿವೆ. ಆಡಳಿತ, ದರ, ವೇಳಾಪಟ್ಟಿ ಮತ್ತು ನಿಲ್ದಾಣದ ನೆಲ ಇವುಗಳ ಬೆಸುಗೆ ಮೊದಲು ಆಗಬೇಕು. ಆ್ಯಪ್ ಆ ಬೆಸುಗೆಯನ್ನು ಪ್ರಯಾಣಿಕರಿಗೆ ಕಾಣಿಸುವ ಕಿಟಕಿ ಮಾತ್ರ.

ಹಿನ್ನೆಲೆ

ಈ ಕಥೆಗೆ ಎರಡು ಮೂಲಗಳಿವೆ. ಎರಡೂ 1965ರಲ್ಲಿ, ಯುರೋಪಿನ ಎರಡು ಬಂದರು ನಗರಗಳಲ್ಲಿ ಹುಟ್ಟಿದವು.

ಮೊದಲನೆಯದು ಆಮ್‌ಸ್ಟರ್‌ಡ್ಯಾಮ್. ಅಲ್ಲಿನ ಪ್ರೋವೋ ಎಂಬ ಯುವಕರ ಗುಂಪು ಕೆಲವು ಸೈಕಲ್‌ಗಳಿಗೆ ಬಿಳಿ ಬಣ್ಣ ಬಳಿದು, ಬೀಗ ಹಾಕದೆ, ಯಾರು ಬೇಕಾದರೂ ಹತ್ತಿ ಹೋಗಲಿ ಎಂದು ಬೀದಿಯಲ್ಲಿ ಬಿಟ್ಟಿತು. ಯೋಜನೆಯ ಹಿಂದಿದ್ದವರು ಲುಡ್ ಶಿಮ್ಮೆಲ್‌ಪೆನ್ನಿಂಕ್. ಬೀಗವಿಲ್ಲದ ಸೈಕಲ್ ಬೀದಿಯಲ್ಲಿಡುವುದು ಕಾನೂನಿಗೆ ವಿರುದ್ಧ ಎಂದು ಪೊಲೀಸರು ಅವನ್ನು ಎತ್ತಿಕೊಂಡು ಹೋದರು. 1974ರಲ್ಲಿ ಇದೇ ಶಿಮ್ಮೆಲ್‌ಪೆನ್ನಿಂಕ್ ಅದೇ ನಗರದಲ್ಲಿ ವಿಟ್‌ಕಾರ್ ಎಂಬ ಹಂಚಿಕೆಯ ವಿದ್ಯುತ್ ಕಾರುಗಳನ್ನೂ ಓಡಿಸಿದರು. ಕಾರು ಹಂಚಿಕೆಗೆ ಇದಕ್ಕಿಂತ ಹಳೆಯ ಉದಾಹರಣೆಯಾಗಿ ಸ್ವಿಟ್ಜರ್ಲೆಂಡಿನ ಜೂರಿಕ್‌ನಲ್ಲಿ 1948ರಲ್ಲಿ ಆರಂಭವಾದ ಸೆಫಾಗೆ ಸಹಕಾರ ಸಂಘವಿದೆ.

ಎರಡನೆಯದು ಜರ್ಮನಿಯ ಹ್ಯಾಂಬರ್ಗ್. ಬಸ್ಸು, ನೆಲದಡಿ ರೈಲು, ಉಪನಗರ ರೈಲು, ದೋಣಿಗಳನ್ನು ಬೇರೆಬೇರೆಯಾಗಿ ನಡೆಸುತ್ತಿದ್ದ ಸಂಸ್ಥೆಗಳು ಸೇರಿ ಎಚ್‌ವಿವಿ ಎಂಬ ಸಾರಿಗೆ ಒಕ್ಕೂಟ ಕಟ್ಟಿದವು. ಒಂದೇ ದರಪಟ್ಟಿ, ಒಂದೇ ಟಿಕೆಟ್, ಒಂದಕ್ಕೊಂದು ಹೊಂದುವ ವೇಳಾಪಟ್ಟಿ ಅದರ ಗುರಿ. ಈ ಬಗೆಯ ಒಕ್ಕೂಟಗಳಲ್ಲಿ ಇದೇ ಜಗತ್ತಿನ ಮೊದಲನೆಯದು. ಜರ್ಮನ್ ಮಾತಿನ ನಾಡುಗಳಲ್ಲೆಲ್ಲ ಮಾದರಿ ಹರಡಿತು. ಜೂರಿಕ್‌ನ ಒಕ್ಕೂಟ 1990ರಲ್ಲಿ ಕೆಲಸ ಆರಂಭಿಸಿತು.

ಆಮ್‌ಸ್ಟರ್‌ಡ್ಯಾಮ್‌ನಲ್ಲಿ ವಾಹನ ಹಂಚಿಕೊಳ್ಳುವ ಆಸೆಯಿತ್ತು, ಹಿಂದೆ ಸಂಸ್ಥೆಯಿರಲಿಲ್ಲ. ಹ್ಯಾಂಬರ್ಗ್‌ನಲ್ಲಿ ಸಂಸ್ಥೆಗಳೇ ಕೈಜೋಡಿಸಿದವು. ಹಂಚಿಕೆಯ ವಾಹನದ ಮೇಲೆ ಕಣ್ಣಿಡುವ ತಂತ್ರಜ್ಞಾನ ಬಂದದ್ದು ನಂತರ. 1998ರಲ್ಲಿ ಫ್ರಾನ್ಸಿನ ರೆನ್ ನಗರ ಕಾರ್ಡ್ ತೋರಿಸಿ ಸೈಕಲ್ ಪಡೆಯುವ ಏರ್ಪಾಡು ಮಾಡಿತು. 2007ರಲ್ಲಿ ಪ್ಯಾರಿಸ್‌ನ ವೆಲಿಬ್ ಆರಂಭವಾಗಿ ಸೈಕಲ್ ಹಂಚಿಕೆ ಜಗತ್ತಿನ ಗಮನ ಸೆಳೆಯಿತು. 2008ರಲ್ಲಿ ಚೀನಾದ ಹಾಂಗ್‌ಝೌ ನಗರದಲ್ಲಿ ಸೈಕಲ್‌ಗಳನ್ನು ನಡೆಸಲು ಮುಂದಾದದ್ದು ಅಲ್ಲಿನ ಬಸ್ ಸಂಸ್ಥೆಯೇ. ಬಸ್ಸಿನ ಕಾರ್ಡೇ ಸೈಕಲ್ಲಿಗೂ ನಡೆಯಿತು, ಮೊದಲ ಒಂದು ಗಂಟೆ ಸವಾರಿ ಪುಕ್ಕಟೆ. 1965ರ ಎರಡು ಹೊಳೆಗಳು ಕೂಡಿದ ಮೊದಲ ಜಾಗಗಳಲ್ಲಿ ಇದು ಒಂದು.

2009ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಊಬರ್, 2010ರಲ್ಲಿ ಭಾರತದಲ್ಲಿ ಓಲಾ ಹುಟ್ಟಿದವು. ಸ್ಮಾರ್ಟ್‌ಫೋನ್ ಕೈಗೆ ಬಂದ ಮೇಲೆ ವಾಹನವನ್ನು ನಿಂತಲ್ಲಿಗೇ ಕರೆಸಿಕೊಳ್ಳುವುದು ನಗರವಾಸಿಗಳಿಗೆ ರೂಢಿಯಾಯಿತು.

ಪೈಪೋಟಿಯೇ, ಪೂರಕವೇ?

ಆ್ಯಪ್ ಟ್ಯಾಕ್ಸಿಗಳು ಬಂದಾಗ ಜನ ಸ್ವಂತ ಕಾರು ಬಿಟ್ಟು ಬಸ್ಸು ಮತ್ತು ಟ್ಯಾಕ್ಸಿಗಳನ್ನು ಬೆರೆಸಿ ಬಳಸುತ್ತಾರೆಂಬ ನಿರೀಕ್ಷೆಯಿತ್ತು. ಆದರೆ ಆದದ್ದು ಬೇರೆ. ಕಾಯುವಾಗ ಮತ್ತು ಮುಂದಿನ ಸವಾರಿ ಹುಡುಕುವಾಗ ಟ್ಯಾಕ್ಸಿ ಖಾಲಿಯಾಗಿಯೇ ಓಡುತ್ತದೆ, ಒಳಗೆ ಸಾಮಾನ್ಯವಾಗಿ ಒಬ್ಬರೋ ಇಬ್ಬರೋ ಇರುತ್ತಾರೆ. ಸ್ಯಾನ್ ಫ್ರಾನ್ಸಿಸ್ಕೋದ ಕೌಂಟಿ ಸಾರಿಗೆ ಪ್ರಾಧಿಕಾರ 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2010ರಿಂದ 2016ರವರೆಗೆ ಆ ನಗರದಲ್ಲಿ ಹೆಚ್ಚಿದ ವಾಹನ ದಟ್ಟಣೆಯ ಸುಮಾರು ಅರ್ಧಕ್ಕೆ ಇಂಥ ಟ್ಯಾಕ್ಸಿಗಳೇ ಕಾರಣ. ಆ ದಟ್ಟಣೆಯಲ್ಲಿ ಬಸ್ಸೂ ಸಿಕ್ಕಿಕೊಳ್ಳುತ್ತದೆ. ಬಸ್ಸು ತಡವಾದಷ್ಟೂ ಜನ ಟ್ಯಾಕ್ಸಿ ಹಿಡಿಯುತ್ತಾರೆ, ಟ್ಯಾಕ್ಸಿ ಹೆಚ್ಚಿದಷ್ಟೂ ಬಸ್ಸು ಇನ್ನಷ್ಟು ತಡವಾಗುತ್ತದೆ.

ಇನ್ನೊಂದು ಮುಖವೂ ಇದೆ. ಬಸ್ ನಿಲ್ದಾಣಕ್ಕೂ ಮನೆಗೂ ನಡುವಿನ ಒಂದೆರಡು ಕಿಲೋಮೀಟರ್ ದಾಟಲಾಗದೆ ಸ್ಕೂಟರ್ ಕೊಳ್ಳುವ ಕುಟುಂಬಗಳು ಎಲ್ಲ ಊರುಗಳಲ್ಲೂ ಇವೆ. ಬೆಳಗಿನ ಜಾವದ ಪಾಳಿ ಮುಗಿಸಿದ ಕಾರ್ಖಾನೆಯ ಕೆಲಸಗಾರರಿಗೆ ಬಸ್ಸು ಇರುವುದಿಲ್ಲ. ಮನೆಗಳು ಚದುರಿದ ಬಡಾವಣೆಯಲ್ಲಿ ದೊಡ್ಡ ಬಸ್ಸು ಖಾಲಿ ಓಡುತ್ತದೆ. ಸೈಕಲ್, ಆಟೋ, ಮಿನಿ ಬಸ್ಸುಗಳು ಬಸ್ಸಿಗೆ ನಿಜವಾಗಿ ನೆರವಾಗುವುದು ಈ ಮೂರು ಎಡೆಗಳಲ್ಲಿ. ಯಾವ ಎಡೆಯಲ್ಲಿ ಅವು ಪೂರಕ, ಎಲ್ಲಿ ಪೈಪೋಟಿ ಎಂದು ಗುರುತಿಸುವುದರಿಂದ ಸಾರಿಗೆ ಸಂಸ್ಥೆಯ ಹೊಂದಾಣಿಕೆ ಆರಂಭವಾಗುತ್ತದೆ.

ಹೊಂದಾಣಿಕೆಯ ದಾರಿಗಳು

ಮೂಲ ಸೇವೆಯ ಬಲವರ್ಧನೆ. ರಸ್ತೆಯ ಅಗಲ ಸೀಮಿತ. ನಿಂತವರೂ ಕುಳಿತವರೂ ಸೇರಿ ಅರವತ್ತು ಜನರನ್ನು ಒಂದು ಬಸ್ಸು ಹೊರುವ ಜಾಗದಲ್ಲಿ ಮೂರು ಟ್ಯಾಕ್ಸಿಗಳು ನಾಲ್ಕಾರು ಜನರನ್ನು ಹೊರುತ್ತವೆ. ಜನದಟ್ಟಣೆಯ ಮಾರ್ಗದಲ್ಲಿ ಈ ಲೆಕ್ಕವನ್ನು ಯಾವ ತಂತ್ರಾಂಶವೂ ಬದಲಿಸಲಾರದು. ಹೆಲ್ಸಿಂಕಿಯ ಪ್ರಾದೇಶಿಕ ಸಾರಿಗೆ ಸಂಸ್ಥೆ ಎಚ್‌ಎಸ್‌ಎಲ್ 2012ರಲ್ಲಿ ಕುಟ್ಸುಪ್ಲುಸ್ ಎಂಬ ಸೇವೆ ತಂದಿತು. ಫೋನಿನಲ್ಲಿ ಕರೆದರೆ ಮಿನಿ ಬಸ್ಸು ಹತ್ತಿರದ ನಿಲ್ದಾಣಕ್ಕೆ ಬರುತ್ತಿತ್ತು, ಒಂದೇ ದಿಕ್ಕಿಗೆ ಹೋಗುವವರನ್ನು ಕಂಪ್ಯೂಟರ್ ಒಟ್ಟುಗೂಡಿಸುತ್ತಿತ್ತು. ಜನ ಮೆಚ್ಚಿದರು. ಆದರೆ ಕೇವಲ 15 ಬಸ್ಸುಗಳಿದ್ದುದರಿಂದ ಒಂದೊಂದು ಸವಾರಿಗೂ ಸರ್ಕಾರದ ಸಹಾಯಧನ ಬಹಳ ಬೇಕಾಗುತ್ತಿತ್ತು, ನೂರಾರು ಬಸ್ಸುಗಳಿಗೆ ಬೆಳೆಸಲು ಹಣವಿರಲಿಲ್ಲ. 2015ರ ಕೊನೆಯಲ್ಲಿ ಸೇವೆ ನಿಂತಿತು. ಕರೆದಾಗ ಬರುವ ವಾಹನಕ್ಕೆ ಚಾಲಕರ ಸಂಬಳವೇ ದೊಡ್ಡ ಖರ್ಚು. ಗಂಟೆಗೆ ಕೆಲವೇ ಜನರನ್ನು ಹೊರುವ ವಾಹನ ಅಗ್ಗವಾಗುವುದು ಕಷ್ಟ. ಆದ್ದರಿಂದ ಮುಖ್ಯ ಮಾರ್ಗಗಳಲ್ಲಿ ಹತ್ತು ನಿಮಿಷಕ್ಕೊಂದು ಬಸ್ಸು ಮತ್ತು ಪ್ರತ್ಯೇಕ ಬಸ್ ಪಥ ಒದಗಿಸಿ, ಅಂಚುಗಳಲ್ಲಿ ಮಾತ್ರ ಕರೆ ಸೇವೆ ಇಡುವುದು ವಿವೇಕದ ಹಂಚಿಕೆ.

ದತ್ತಾಂಶ. ಬಸ್ಸು ಎಷ್ಟು ಹೊತ್ತಿಗೆ ಎಲ್ಲಿ ಬರುತ್ತದೆಂಬ ಮಾಹಿತಿ ಡಿಪೋದ ಕಡತದಲ್ಲೇ ಉಳಿದರೆ ಅದನ್ನು ಬೇರಾವ ಸೇವೆಯ ಜೊತೆಗೂ ಬೆಸೆಯಲಾಗದು. ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದ ಟ್ರೈಮೆಟ್ ಸಂಸ್ಥೆಯಲ್ಲಿದ್ದ ಬಿಬಿಯಾನಾ ಮೆಕ್‌ಹ್ಯೂ ಈ ತೊಡಕನ್ನು ಗೂಗಲ್ ಮುಂದಿಟ್ಟರು. ಎರಡೂ ಸಂಸ್ಥೆಗಳು ಸೇರಿ 2005ರಲ್ಲಿ ರೂಪಿಸಿದ ಸರಳ ಕಡತ ವಿನ್ಯಾಸವೇ ಇಂದು ಜಿಟಿಎಫ್‌ಎಸ್ ಎಂಬ ಹೆಸರಿನಲ್ಲಿ ಜಗತ್ತಿನ ಸಾವಿರಾರು ಸಂಸ್ಥೆಗಳ ವೇಳಾಪಟ್ಟಿಯನ್ನು ಹೊತ್ತಿದೆ. ಹಂಚಿಕೆಯ ಸೈಕಲ್‌ಗಳಿಗೆ 2015ರಲ್ಲಿ ಜಿಬಿಎಫ್‌ಎಸ್ ಎಂಬ ವಿನ್ಯಾಸ ಬಂತು. ಬಾಡಿಗೆ ಸ್ಕೂಟರ್‌ಗಳು ಪಾದಚಾರಿ ಮಾರ್ಗ ತುಂಬತೊಡಗಿದಾಗ ಲಾಸ್ ಏಂಜಲಿಸ್‌ನ ಸಾರಿಗೆ ಇಲಾಖೆ 2018ರಲ್ಲಿ ಎಂಡಿಎಸ್ ಎಂಬ ದತ್ತಾಂಶ ವಿನ್ಯಾಸ ರೂಪಿಸಿ, ವಾಹನಗಳು ಎಲ್ಲಿಂದ ಎಲ್ಲಿಗೆ ಹೋದವೆಂಬ ವಿವರ ಕೊಡುವುದನ್ನು ಕಂಪನಿಗಳಿಗೆ ಷರತ್ತಾಗಿ ವಿಧಿಸಿತು. ಅದರಿಂದ ಸವಾರರ ಖಾಸಗಿತನದ ಪ್ರಶ್ನೆ ಎದ್ದು ನ್ಯಾಯಾಲಯದವರೆಗೂ ಹೋಯಿತು. ವಾಹನದ ಜಾಡು ಊರಿಗೆ ಬೇಕು, ವ್ಯಕ್ತಿಯ ಜಾಡು ಬೇಡ ಎಂಬ ಗೆರೆಯನ್ನು ಒಪ್ಪಂದದಲ್ಲೇ ಎಳೆಯಬೇಕು.

ದರ ಮತ್ತು ಪಾವತಿ. ವಾಹನ ಬದಲಿಸಿದಾಗ ಮತ್ತೆ ಮೊದಲಿನಿಂದ ಟಿಕೆಟ್ ತೆಗೆಯಬೇಕಾದರೆ, ಬದಲಿಸಿದ ತಪ್ಪಿಗೆ ದಂಡ ಕಟ್ಟಿದಂತೆ. ಈ ದಂಡವನ್ನು ತೆಗೆದುಹಾಕಿದ ದೊಡ್ಡ ಉದಾಹರಣೆ ದಕ್ಷಿಣ ಕೊರಿಯಾದ ಸೋಲ್ ನಗರ. 2004ರ ಜುಲೈ 1ರಂದು ಆ ನಗರ ಒಂದೇ ದಿನದಲ್ಲಿ ಖಾಸಗಿ ಬಸ್ಸುಗಳ ಮಾರ್ಗ, ಬಣ್ಣ, ದರ ಎಲ್ಲವನ್ನೂ ಬದಲಿಸಿತು. ಬಸ್ಸು ಮತ್ತು ಮೆಟ್ರೋ ಸೇರಿ ಒಟ್ಟು ಎಷ್ಟು ದೂರ ಹೋದರೋ ಅಷ್ಟಕ್ಕೇ ದರ, ಟಿ-ಮನಿ ಎಂಬ ಒಂದೇ ಕಾರ್ಡ್. ಬಸ್ ಮಾಲೀಕರ ಆದಾಯ ಪ್ರಯಾಣಿಕರ ತಲೆಯೆಣಿಕೆಯಿಂದ ಬಿಡಿಸಿ ಓಡಿದ ಕಿಲೋಮೀಟರ್‌ಗೆ ಕಟ್ಟಲಾಯಿತು. ಪ್ರಯಾಣಿಕರಿಗಾಗಿ ಬಸ್ಸುಗಳು ಒಂದನ್ನೊಂದು ಹಿಂದಿಕ್ಕುವ ಓಟಕ್ಕೆ ಇದ್ದ ಕಾರಣವೇ ಇಲ್ಲವಾಯಿತು. ಹಾಂಗ್‌ಕಾಂಗ್‌ನ ಆಕ್ಟೋಪಸ್ ಕಾರ್ಡ್ 1997ರಲ್ಲಿ, ಲಂಡನ್ನಿನ ಆಯ್‌ಸ್ಟರ್ ಕಾರ್ಡ್ 2003ರಲ್ಲಿ ಬಂದವು. ದಿನವೊಂದರಲ್ಲಿ ಎಷ್ಟು ಬಾರಿ ಹತ್ತಿಳಿದರೂ ಒಂದು ಮಿತಿ ದಾಟಿ ಹಣ ಕಡಿತವಾಗದ ಲಂಡನ್ನಿನ ಪದ್ಧತಿ ಬಡ ಪ್ರಯಾಣಿಕರಿಗೆ ವಿಶೇಷ ಅನುಕೂಲ, ಏಕೆಂದರೆ ತಿಂಗಳ ಪಾಸಿನ ಹಣ ಒಟ್ಟಿಗೆ ಹೊಂದಿಸುವುದು ಅವರಿಗೇ ಕಷ್ಟ.

ನೆಲ. ಬೆಸುಗೆ ನಡೆಯುವುದು ಕೊನೆಗೆ ಕಾಲಡಿಯ ನೆಲದಲ್ಲಿ. ಬಸ್ಸಿಳಿದವರಿಗೆ ಸೈಕಲ್ ಎದುರಿಗೇ ಕಾಣಬೇಕು, ಆಟೋ ನಿಲ್ದಾಣಕ್ಕೆ ಹೋಗಲು ರಸ್ತೆ ದಾಟಬೇಕಾಗಬಾರದು. ಜರ್ಮನಿಯ ಬ್ರೆಮೆನ್ 2003ರಲ್ಲಿ ಮೊಬಿಲ್‌ಪುಂಕ್ಟ್ ಎಂಬ ಸಂಚಾರ ಕಟ್ಟೆಗಳನ್ನು ಆರಂಭಿಸಿ ಹಂಚಿಕೆಯ ಕಾರು, ಸೈಕಲ್ ನಿಲುಗಡೆ, ಬಸ್ ನಿಲ್ದಾಣಗಳನ್ನು ಒಂದೆಡೆ ತಂದಿತು. ನೆದರ್‌ಲ್ಯಾಂಡ್ಸ್‌ನ ರೈಲು ಸಂಸ್ಥೆ ನಡೆಸುವ ಓವಿ-ಫೀಟ್ಸ್ ಸೈಕಲ್‌ಗಳು ರೈಲು ನಿಲ್ದಾಣಗಳಲ್ಲಿ ರೈಲಿನ ಕಾರ್ಡಿಗೇ ಸಿಗುತ್ತವೆ. 2019ರಲ್ಲಿ 50 ಲಕ್ಷಕ್ಕೂ ಹೆಚ್ಚು ಬಾರಿ ಜನ ಅವನ್ನು ಬಾಡಿಗೆಗೆ ಪಡೆದರು. ರೈಲಿಳಿದ ಮೇಲಿನ ಕೊನೆಯ ತುಂಡು ದಾರಿಯೇ ಅದರ ಗುರಿ, ಗುರಿ ಇಷ್ಟು ನಿರ್ದಿಷ್ಟವಾಗಿದ್ದುದೇ ಅದರ ಗೆಲುವಿಗೆ ಕಾರಣ.

ಗುತ್ತಿಗೆ ಮತ್ತು ಸಹಾಯಧನ. ಫ್ಲಾರಿಡಾದ ಪಿನೆಲ್ಲಾಸ್ ಕೌಂಟಿಯ ಸಾರಿಗೆ ಸಂಸ್ಥೆ 2016ರಲ್ಲಿ, ಪ್ರಯಾಣಿಕರು ಕಡಿಮೆಯಿದ್ದ ಬಸ್ ಮಾರ್ಗಗಳ ಬದಲು ಊಬರ್ ಸವಾರಿಗೆ ಸಹಾಯಧನ ಕೊಡಲು ಮುಂದಾಯಿತು. ನಿಗದಿತ ಬಸ್ ನಿಲ್ದಾಣಗಳಿಗೆ ಹೋಗುವ, ಅಲ್ಲಿಂದ ಬರುವ ಸವಾರಿಗಳಿಗೆ ಮಾತ್ರ ಸಹಾಯ ಎಂಬುದು ಅದರ ಷರತ್ತು. ಸ್ಮಾರ್ಟ್‌ಫೋನ್ ಇಲ್ಲದವರಿಗೆ ಫೋನಿನಲ್ಲಿ ಕರೆಯಬಹುದಾದ ಸಾಮಾನ್ಯ ಟ್ಯಾಕ್ಸಿ, ಗಾಲಿಕುರ್ಚಿಯವರಿಗೆ ತಕ್ಕ ವಾಹನ ಎರಡನ್ನೂ ಯೋಜನೆಯಲ್ಲಿ ಸೇರಿಸಲಾಯಿತು. ಕೆನಡಾದ ಒಂಟಾರಿಯೊದಲ್ಲಿರುವ ಇನ್ನಿಸ್‌ಫಿಲ್ ಪಟ್ಟಣ ಇನ್ನೂ ಮುಂದೆ ಹೋಯಿತು. 2017ರಲ್ಲಿ ಅದು ಬಸ್ಸು ಕೊಳ್ಳುವ ಯೋಚನೆಯನ್ನೇ ಬಿಟ್ಟು ಊಬರ್ ಸವಾರಿಗಳಿಗೆ ಹಣ ಕೊಟ್ಟಿತು. ಜನ ಹೆಚ್ಚಾಗಿ ಬಳಸತೊಡಗಿದಂತೆ ಪಟ್ಟಣದ ಖರ್ಚೂ ಏರಿತು. 2019ರಲ್ಲಿ ದರ ಹೆಚ್ಚಿಸಿ, ತಿಂಗಳಿಗೆ 30 ಸವಾರಿ ಎಂಬ ಮಿತಿ ಹಾಕಬೇಕಾಯಿತು. ಬಸ್ಸಿಗೆ ಹತ್ತುವವರು ಹೆಚ್ಚಿದರೆ ತಲಾ ಖರ್ಚು ಇಳಿಯುತ್ತದೆ. ಟ್ಯಾಕ್ಸಿ ಸಹಾಯಧನದಲ್ಲಿ ಪ್ರತಿ ಹೊಸ ಪ್ರಯಾಣಿಕ ಹೊಸ ಖರ್ಚು. ಸಾರಿಗೆ ಸೇವೆ ಯಶಸ್ವಿಯಾದಷ್ಟೂ ಅದನ್ನು ತಡೆಯಬೇಕಾಗಿ ಬರುವ ಈ ಸ್ಥಿತಿ ಇನ್ನಿಸ್‌ಫಿಲ್ ಕಲಿಸಿದ ದೊಡ್ಡ ಪಾಠ.

ಬೆಸುಗೆಯನ್ನು ಯಾರು ಮಾಡಬೇಕು?

ಇದಕ್ಕೆ ಮೂರು ಮಾದರಿಗಳಿವೆ. ಮೊದಲನೆಯದಾದ ಖಾಸಗಿ ಮಧ್ಯವರ್ತಿಯ ಮಾದರಿಗೆ ಹೆಲ್ಸಿಂಕಿ ಹೆಸರಾಯಿತು. ಅದಕ್ಕೂ ಮೊದಲು ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ 2013–14ರಲ್ಲಿ ಉಬಿಗೋ ಎಂಬ ಪ್ರಯೋಗ ನಡೆದಿತ್ತು. ಮನೆಮಂದಿಗೆಲ್ಲ ಸೇರಿ ತಿಂಗಳ ಚಂದಾ, ಅದರೊಳಗೇ ಬಸ್ಸು, ಬಾಡಿಗೆ ಕಾರು, ಸೈಕಲ್, ಟ್ಯಾಕ್ಸಿ. ಫಿನ್‌ಲ್ಯಾಂಡ್‌ನ ಮಾಸ್ ಗ್ಲೋಬಲ್ ಕಂಪನಿ ಇದೇ ವಿಚಾರವನ್ನು 2016ರಲ್ಲಿ ವಿಮ್ ಎಂಬ ಆ್ಯಪ್ ಆಗಿ ಮಾರುಕಟ್ಟೆಗೆ ತಂದಿತು. ಸ್ವಂತ ಕಾರಿಗೆ ಬದಲಾಗಿ ತಿಂಗಳಿಗೆ 499 ಯೂರೋಗಳ ಅನಿಯಮಿತ ಚಂದಾ ಕೂಡ ಅದರಲ್ಲಿತ್ತು. 2018ರ ಜುಲೈನಲ್ಲಿ ಜಾರಿಗೆ ಬಂದ ಫಿನ್‌ಲ್ಯಾಂಡ್‌ನ ಸಾರಿಗೆ ಸೇವೆಗಳ ಕಾಯ್ದೆ, ಟಿಕೆಟ್ ಮಾರುವ ವ್ಯವಸ್ಥೆಯನ್ನು ಇತರರಿಗೂ ತೆರೆದಿಡಬೇಕೆಂದು ಸಾರಿಗೆ ನಡೆಸುವವರಿಗೆಲ್ಲ ಕಡ್ಡಾಯ ಮಾಡಿತು. ಕಾನೂನು, ಬಂಡವಾಳ, ಪ್ರಚಾರ ಎಲ್ಲವೂ ಇದ್ದರೂ ಕಂಪನಿ 2024ರ ಮಾರ್ಚ್‌ನಲ್ಲಿ ದಿವಾಳಿಯಾಯಿತು. ಅದರ ಕಷ್ಟಕ್ಕೆ ಒಂದು ಮೂಲ ಕಾರಣ ಸುಲಭವಾಗಿ ತಿಳಿಯುವಂಥದು. ಸಹಾಯಧನದಿಂದ ಮೊದಲೇ ಅಗ್ಗವಾಗಿರುವ ಬಸ್ ಟಿಕೆಟ್ ಮೇಲೆ ಮಧ್ಯವರ್ತಿಗೆ ಲಾಭ ಉಳಿಯುವುದಿಲ್ಲ, ಟ್ಯಾಕ್ಸಿಯನ್ನು ಅಗ್ಗವಾಗಿ ಕೊಟ್ಟರೆ ನಷ್ಟ ಅವನ ಪಾಲಿಗೇ.

ಇನ್ನೊಂದು ಮಾದರಿಯಲ್ಲಿ ಸಾರಿಗೆ ಸಂಸ್ಥೆಯೇ ಸಂಯೋಜಕ. ವಿಯೆನ್ನಾದ ಸಾರ್ವಜನಿಕ ಸಾರಿಗೆ ಸಂಸ್ಥೆ ವೀನರ್ ಲೀನಿಯೆನ್ 2012ರಲ್ಲಿ ವಾರ್ಷಿಕ ಪಾಸಿನ ದರವನ್ನು 449 ಯೂರೋಗಳಿಂದ 365ಕ್ಕೆ, ಅಂದರೆ ದಿನಕ್ಕೊಂದು ಯೂರೋಗೆ ಇಳಿಸಿತು. ಹೀಗೆ ಪಾಸು ಮನೆಮನೆಗೆ ತಲುಪಿದ ಮೇಲೆ 2017ರಲ್ಲಿ ವೀನ್‌ಮೊಬಿಲ್ ಆ್ಯಪ್ ತಂದು ಕಾರು, ಸೈಕಲ್, ಟ್ಯಾಕ್ಸಿಗಳನ್ನು ಸೇರಿಸಿತು. 2022ರಿಂದ ನಗರದ ಹಂಚಿಕೆಯ ಸೈಕಲ್‌ಗಳೂ ಅದೇ ಹೆಸರಿನಲ್ಲಿ ಓಡುತ್ತಿವೆ. ಬರ್ಲಿನ್ನಿನ ಬಿವಿಜಿ ಸಂಸ್ಥೆ 2019ರಲ್ಲಿ ಯೆಲ್ಬಿ ಎಂಬ ಆ್ಯಪ್ ಹೊರತಂದಿತು. ತಂತ್ರಾಂಶ ಲಿಥುವೇನಿಯಾದ ಟ್ರಾಫಿ ಕಂಪನಿಯದು, ಸೇವೆಯ ಹೆಸರು ಮತ್ತು ಪ್ರಯಾಣಿಕರೊಂದಿಗಿನ ಸಂಬಂಧ ಬಿವಿಜಿಯದು. ಮೆಟ್ರೋ ಮತ್ತು ಬಸ್ ನಿಲ್ದಾಣಗಳ ಬಳಿ ಯೆಲ್ಬಿ ಕಟ್ಟೆಗಳೂ ಎದ್ದವು. ತಂತ್ರಾಂಶವನ್ನು ಹೊರಗಿನಿಂದ ಕೊಂಡರೂ ದರ, ದತ್ತಾಂಶ, ಪ್ರಯಾಣಿಕರ ದೂರು ಇವುಗಳ ಹೊಣೆಯನ್ನು ಸಂಸ್ಥೆ ತನ್ನ ಕೈಯಲ್ಲೇ ಇಟ್ಟುಕೊಂಡದ್ದು ಗಮನಿಸಬೇಕಾದ ಅಂಶ.

ಮೂರನೆಯದು ತೆರೆದ ಜಾಲದ ಮಾದರಿ. ಇಲ್ಲಿ ಯಾರೊಬ್ಬರೂ ಒಡೆಯರಲ್ಲ. ಎಲ್ಲರೂ ಒಪ್ಪಿದ ನಿಯಮಾವಳಿಯ ಮೇಲೆ ಯಾವ ಆ್ಯಪ್‌ನಿಂದಲೂ ಯಾವ ಸೇವೆಯನ್ನಾದರೂ ಕಾದಿರಿಸಬಹುದು. ಇದರ ಪ್ರಯೋಗಗಳು ಭಾರತದಲ್ಲಿ ವಿಶೇಷವಾಗಿ ನಡೆದಿವೆ.

ಭಾರತದಲ್ಲಿ

ಭಾರತದ ಊರುಗಳಿಗೆ ಹಂಚಿಕೆಯ ಸಂಚಾರ ಹೊಸದೇನಲ್ಲ. ಷೇರ್ ಆಟೋ, ಟೆಂಪೊ, ಮ್ಯಾಕ್ಸಿ ಕ್ಯಾಬ್‌ಗಳು ಆ್ಯಪ್ ಬರುವ ಎಷ್ಟೋ ಮುಂಚೆಯೇ ಬಸ್ಸಿಲ್ಲದ ಹಳ್ಳಿ, ಬಡಾವಣೆಗಳನ್ನು ಪೇಟೆಗೆ ಜೋಡಿಸಿವೆ. ಅವುಗಳಿಗೆ ವೇಳಾಪಟ್ಟಿಯಿಲ್ಲ, ತುಂಬಿದಾಗ ಹೊರಡುತ್ತವೆ. ಇವನ್ನು ಕಾನೂನಿನ ಅಂಚಿನಲ್ಲಿ ನಿಲ್ಲಿಸಿ ಕೇವಲ ಹೊಸ ಆ್ಯಪ್‌ಗಳ ಕಡೆ ನೋಡುವ ಸಂಯೋಜನೆ ಇಲ್ಲಿ ಅಪೂರ್ಣವೇ.

2006ರ ರಾಷ್ಟ್ರೀಯ ನಗರ ಸಾರಿಗೆ ನೀತಿ, ಹತ್ತು ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ಏಕೀಕೃತ ಮಹಾನಗರ ಸಾರಿಗೆ ಪ್ರಾಧಿಕಾರ ಇರಬೇಕೆಂದು ಸೂಚಿಸಿತು. 2017ರ ಮೆಟ್ರೋ ರೈಲು ನೀತಿ, ನಿಲ್ದಾಣಗಳಿಗೆ ಸಂಪರ್ಕ ಒದಗಿಸುವ ಫೀಡರ್ ಸೇವೆಗಳನ್ನು ಯೋಜನೆಯ ಭಾಗವನ್ನಾಗಿ ಮಾಡಿತು. 2019ರ ಮಾರ್ಚ್ 4ರಂದು ಬಿಡುಗಡೆಯಾದ ರಾಷ್ಟ್ರೀಯ ಸಾಮಾನ್ಯ ಸಂಚಾರ ಕಾರ್ಡ್, ಅಂದರೆ ಎನ್‌ಸಿಎಂಸಿ, ರೂಪೇ ವ್ಯವಸ್ಥೆಯ ಮೇಲೆ ನಿಂತಿದೆ. ಒಂದೂರಿನ ಕಾರ್ಡ್ ಇನ್ನೊಂದೂರಿನ ಮೆಟ್ರೋದಲ್ಲೂ ನಡೆಯಬೇಕೆಂಬುದು ಅದರ ಆಶಯ. ಕಾರ್ಡ್ ಒಂದಾದ ಮಾತ್ರಕ್ಕೆ ದರ ಒಂದಾಗುವುದಿಲ್ಲ ಎಂಬುದನ್ನು ಇಲ್ಲಿ ನೆನಪಿಡಬೇಕು. ಸೋಲ್ ಮಾಡಿದ್ದು ಎರಡನೆಯದನ್ನೂ.

ಹೆಚ್ಚು ಕಲಿಯಬೇಕಾದ ಊರು ಕೊಚ್ಚಿ. 2017ರ ಜೂನ್ 17ರಂದು ಉದ್ಘಾಟನೆಯಾದ ಕೊಚ್ಚಿ ಮೆಟ್ರೋ, ತಾನು ಚಿಕ್ಕದೆಂಬುದನ್ನು ಅರಿತು ಊರಿನ ಉಳಿದ ವಾಹನಗಳ ಕಡೆ ತಿರುಗಿತು. ಚದುರಿಹೋಗಿದ್ದ ಖಾಸಗಿ ಬಸ್ ಮಾಲೀಕರನ್ನು ಕಂಪನಿಗಳಾಗಿ ಒಗ್ಗೂಡಿಸುವ, ಆಟೋ ಚಾಲಕರನ್ನು ಸಹಕಾರ ಸಂಘವಾಗಿ ಕಟ್ಟುವ ಪ್ರಯತ್ನಕ್ಕೆ ಕೈಹಾಕಿತು. ಕೊಚ್ಚಿ ಒನ್ ಕಾರ್ಡ್ ತಂದಿತು. ಕೇರಳದ 2019ರ ಕಾಯ್ದೆಯಂತೆ ಕೊಚ್ಚಿ ಮಹಾನಗರ ಸಾರಿಗೆ ಪ್ರಾಧಿಕಾರ 2020ರ ನವೆಂಬರ್ 1ರಂದು ಆರಂಭವಾಯಿತು. 2021ರಲ್ಲಿ ಬೆಕನ್ ಎಂಬ ತೆರೆದ ನಿಯಮಾವಳಿಯ ಮೇಲೆ ಕೊಚ್ಚಿ ತೆರೆದ ಸಂಚಾರ ಜಾಲ ನಿಂತಿತು. 2023ರ ಏಪ್ರಿಲ್‌ನಲ್ಲಿ ದ್ವೀಪಗಳಿಗೆ ವಿದ್ಯುತ್ ದೋಣಿಗಳ ವಾಟರ್ ಮೆಟ್ರೋ ಸೇರಿಕೊಂಡಿತು. ಮೆಟ್ರೋ ಸಂಸ್ಥೆಯೊಂದು ಹಳಿಯಿಂದ ಕೆಳಗಿಳಿದು ಬಸ್ಸು, ಆಟೋ, ದೋಣಿಗಳ ಜನರೊಡನೆ ಕೂತು ಮಾತಾಡಿದ್ದು ಕೊಚ್ಚಿಯ ವೈಶಿಷ್ಟ್ಯ.

ಕರ್ನಾಟಕದಲ್ಲಿ

ಕರ್ನಾಟಕ ರಾಜ್ಯ ರಸ್ತೆ ಸಾರಿಗೆ ನಿಗಮದಿಂದ 1997ರಲ್ಲಿ ಬೇರ್ಪಟ್ಟ ಬಿಎಂಟಿಸಿ ಬೆಂಗಳೂರಿನ ಬಸ್ಸುಗಳನ್ನು ನಡೆಸುತ್ತದೆ. 2011ರ ಅಕ್ಟೋಬರ್ 20ರಂದು ಎಂ.ಜಿ. ರಸ್ತೆಯಿಂದ ಬೈಯಪ್ಪನಹಳ್ಳಿವರೆಗೆ ಮೊದಲು ಓಡಿದ ನಮ್ಮ ಮೆಟ್ರೋ ಬೇರೆ ನಿಗಮದ ಕೈಯಲ್ಲಿದೆ. ಎರಡರ ಟಿಕೆಟ್, ದರ, ಯೋಜನೆ ಬೇರೆಬೇರೆಯಾಗಿಯೇ ಬೆಳೆದವು. ನಗರ ಸಾರಿಗೆಯ ಹೊಂದಾಣಿಕೆಗಾಗಿ ರಾಜ್ಯ ಸರ್ಕಾರ 2007ರಲ್ಲಿ ನಗರ ಭೂಸಾರಿಗೆ ನಿರ್ದೇಶನಾಲಯ ಸ್ಥಾಪಿಸಿತು. 2022ರಲ್ಲಿ ಬೆಂಗಳೂರು ಮಹಾನಗರ ಭೂಸಾರಿಗೆ ಪ್ರಾಧಿಕಾರದ ವಿಧೇಯಕಕ್ಕೆ ಶಾಸನಸಭೆಯ ಒಪ್ಪಿಗೆ ದೊರೆಯಿತು. ಬಸ್ಸು, ಮೆಟ್ರೋ, ಉಪನಗರ ರೈಲು, ರಸ್ತೆ, ಪಾರ್ಕಿಂಗ್ ಇವುಗಳ ಯೋಜನೆಯನ್ನು ಒಂದೇ ಸೂರಿನಡಿ ತರುವುದು ಅದರ ಗುರಿ. ಹ್ಯಾಂಬರ್ಗ್‌ನ ಒಕ್ಕೂಟ ಮಾಡಿದ ಕೆಲಸಕ್ಕೆ ಬೆಂಗಳೂರಿನಲ್ಲಿ ಕಾನೂನಿನ ಅಡಿಪಾಯ ಇದೇ.

ಬಸ್ಸಿನ ವೇಗ ಕಾಪಾಡುವ ದಿಕ್ಕಿನಲ್ಲಿ 2019ರಲ್ಲಿ ಹೊರವರ್ತುಲ ರಸ್ತೆಯ ಸಿಲ್ಕ್ ಬೋರ್ಡ್–ಕೆ.ಆರ್. ಪುರ ನಡುವೆ ಬಸ್ಸಿಗೆಂದೇ ಪಥ ಬಿಡುವ ಪ್ರಯೋಗ ನಡೆಯಿತು. 2022ರ ನವೆಂಬರ್‌ನಲ್ಲಿ ಆಟೋ ಚಾಲಕರ ಸಂಘದ ಬೆಂಬಲದೊಂದಿಗೆ ಬಂದ ನಮ್ಮ ಯಾತ್ರಿ ಆ್ಯಪ್ ಬೆಕನ್ ನಿಯಮಾವಳಿಯನ್ನೇ ಬಳಸಿತು. ಚಾಲಕರ ಬಾಡಿಗೆಯಲ್ಲಿ ಕಮಿಷನ್ ಮುರಿದುಕೊಳ್ಳುವ ಪದ್ಧತಿ ಬಿಟ್ಟು, ಸಣ್ಣ ಚಂದಾ ಕಟ್ಟುವ ಪದ್ಧತಿ ತಂದಿತು. ಆ್ಯಪ್ ಯಾರದು ಎಂಬುದರ ಮೇಲೆ ಚಾಲಕರ ದಿನದ ದುಡಿಮೆ ನಿಂತಿದೆಯೆಂದು ಈ ಬದಲಾವಣೆ ತೋರಿಸಿತು. ಪ್ಲಾಟ್‌ಫಾರ್ಮ್ ಆಧಾರಿತ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗೆ ರಾಜ್ಯ 2025ರಲ್ಲಿ ಕಾಯ್ದೆ ಮಾಡಿತು.

ಮೈಸೂರಿನಲ್ಲಿ 2017ರ ಜೂನ್‌ನಲ್ಲಿ ಟ್ರಿಣ್ ಟ್ರಿಣ್ ಎಂಬ ಸಾರ್ವಜನಿಕ ಸೈಕಲ್ ಸೇವೆ 450 ಸೈಕಲ್‌ಗಳೊಂದಿಗೆ ಆರಂಭವಾಯಿತು. ಅರಮನೆ, ರೈಲು ನಿಲ್ದಾಣ, ಕಾಲೇಜುಗಳ ನಡುವಿನ ದೂರ ಸೈಕಲ್ಲಿಗೆ ಹೇಳಿಮಾಡಿಸಿದಂತಿರುವ ಊರದು. ಅದೇ ಊರಿನ ನಗರ ಬಸ್ಸುಗಳಲ್ಲಿ 2012ರ ಹೊತ್ತಿಗೇ ಜಿಪಿಎಸ್ ಆಧಾರಿತ ಮಾಹಿತಿ ವ್ಯವಸ್ಥೆ ಬಂದಿತ್ತು. ದೊಡ್ಡ ನಗರಗಳ ಗದ್ದಲವಿಲ್ಲದ ಇಂಥ ನಡುವಳತೆಯ ಊರುಗಳಲ್ಲಿ ಬೆಸುಗೆ ಇನ್ನೂ ಸುಲಭ, ಖರ್ಚೂ ಕಡಿಮೆ. ಕರಾವಳಿಯ ಮಂಗಳೂರು, ಉಡುಪಿಗಳಲ್ಲಿ ನಗರ ಬಸ್ಸು ಬಹುಪಾಲು ಖಾಸಗಿಯವರ ಕೈಯಲ್ಲಿದೆ. ಅಲ್ಲಿ ಬೆಸುಗೆಯೆಂದರೆ ಮೊದಲಿಗೆ ಹಲವು ಮಾಲೀಕರನ್ನು ಒಂದೇ ದರಪಟ್ಟಿಗೆ, ಒಂದೇ ಪಾಸಿಗೆ ತರುವ ಕೆಲಸ. ಸೋಲ್‌ನ ಅನುಭವ ಅಲ್ಲಿಗೆ ನೇರವಾಗಿ ಒದಗುತ್ತದೆ.

2023ರ ಜೂನ್ 11ರಂದು ಜಾರಿಯಾದ ಶಕ್ತಿ ಯೋಜನೆ ಸಂಯೋಜನೆಯ ಲೆಕ್ಕಕ್ಕೆ ಹೊಸ ಅಂಶ ಸೇರಿಸಿತು. ರಾಜ್ಯದ ಮಹಿಳೆಯರಿಗೆ ನಾಲ್ಕೂ ಸಾರಿಗೆ ನಿಗಮಗಳ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಕಂಡಕ್ಟರ್ ಕೊಡುವ ಶೂನ್ಯ ಟಿಕೆಟ್ ಸರ್ಕಾರ ನಿಗಮಕ್ಕೆ ಹಣ ತುಂಬಿಕೊಡಲು ಲೆಕ್ಕದ ಚೀಟಿ. ಹೀಗೆ ಬಸ್ಸು ಪುಕ್ಕಟೆಯಾಗಿರುವಾಗ ಮೆಟ್ರೋದೊಂದಿಗಿನ ಒಟ್ಟು ದರ ಹೇಗಿರಬೇಕು? ಮೆಟ್ರೋಗೆ ಬದಲಿಸಿದರೆ ಬೇಗ ತಲುಪುವ ಮಹಿಳೆ, ಹಣ ಉಳಿಸಲು ಎರಡು ಬಸ್ಸು ಹಿಡಿದು ಸುತ್ತುವಂತಾದರೆ ಅವಳ ಸಮಯಕ್ಕೆ ಬೆಲೆಯಿಲ್ಲವೆಂದಾಗುತ್ತದೆ. ಕರ್ನಾಟಕದ ಸಂಯೋಜಿತ ದರಪಟ್ಟಿ ಈ ಪ್ರಶ್ನೆಗೆ ಉತ್ತರ ಹೇಳಿಯೇ ಮುಂದೆ ಹೋಗಬೇಕು. ಬೇರೆ ದೇಶದ ಮಾದರಿಯನ್ನು ಇದ್ದಂತೆ ತಂದರೆ ಆ ಉತ್ತರ ಅದರಲ್ಲಿ ಇರುವುದಿಲ್ಲ.

ಎಲ್ಲರನ್ನೂ ಒಳಗೊಳ್ಳುವ ಹೊಣೆ

ಖಾಸಗಿ ಸೇವೆ ತನ್ನ ಗಿರಾಕಿಯನ್ನು ಆರಿಸಿಕೊಳ್ಳಬಹುದು. ಸಾರ್ವಜನಿಕ ಸಂಸ್ಥೆಗೆ ಆ ಸ್ವಾತಂತ್ರ್ಯವಿಲ್ಲ, ಇರಲೂಬಾರದು. ಸ್ಮಾರ್ಟ್‌ಫೋನ್ ಇಲ್ಲದ ಅಜ್ಜಿ, ಬ್ಯಾಂಕ್ ಖಾತೆಯಲ್ಲಿ ದುಡ್ಡಿಲ್ಲದ ಕೂಲಿಯಾಳು, ಕನ್ನಡದಲ್ಲೇ ಓದಬಲ್ಲ ಹಳ್ಳಿಯ ಹುಡುಗ, ಗಾಲಿಕುರ್ಚಿಯಲ್ಲಿ ಬರುವ ವಿದ್ಯಾರ್ಥಿನಿ ಇವರೆಲ್ಲ ಬಸ್ಸಿನ ಪ್ರಯಾಣಿಕರು. ಸೇವೆ ಆ್ಯಪ್‌ನೊಳಗೆ ಹೋದಾಗ ಇವರು ಹೊರಗುಳಿಯದಂತೆ ನಗದು, ಫೋನ್ ಕರೆ, ಕಾಗದದ ಟಿಕೆಟ್, ಊರಿನ ಭಾಷೆಯ ಫಲಕ ಇವೆಲ್ಲ ಉಳಿಯಬೇಕು. ಖಾಸಗಿ ಸೇವೆಯನ್ನು ಜೊತೆಗೆ ಸೇರಿಸಿಕೊಳ್ಳುವ ಒಪ್ಪಂದದಲ್ಲೇ ಈ ಷರತ್ತುಗಳು ಇರಬೇಕು.

ಸಂಸ್ಥೆಯ ಒಳಗಿನವರೂ ಈ ಬದಲಾವಣೆಯ ಪಾಲುದಾರರು. ಯಾವ ನಿಲ್ದಾಣದಲ್ಲಿ ಸಂಜೆ ಎಷ್ಟು ಜನ ಇಳಿದು ಆಟೋ ಹುಡುಕುತ್ತಾರೆಂಬುದು ಆ ಮಾರ್ಗದ ಚಾಲಕನಿಗೆ, ಕಂಡಕ್ಟರ್‌ಗೆ ಯಾವ ದತ್ತಾಂಶಕ್ಕಿಂತಲೂ ಮೊದಲೇ ಗೊತ್ತಿರುತ್ತದೆ. ಇಂಥ ಅರಿವನ್ನು ಯೋಜನೆಯೊಳಗೆ ತರುವುದು, ಗುತ್ತಿಗೆ ಬರೆಯುವ, ದತ್ತಾಂಶ ಓದುವ, ಖಾಸಗಿ ಕಂಪನಿಗಳೊಡನೆ ಚೌಕಾಸಿ ಮಾಡುವ ಹೊಸ ಕೌಶಲಗಳನ್ನು ಕಚೇರಿಯಲ್ಲಿ ಬೆಳೆಸುವುದು ಎರಡೂ ಅಗತ್ಯ.

ಮೌಲ್ಯಮಾಪನ

ಆ್ಯಪ್ ಎಷ್ಟು ಬಾರಿ ಇಳಿಸಿಕೊಳ್ಳಲಾಗಿದೆ ಎಂಬ ಎಣಿಕೆ ಸಂಯೋಜನೆಯ ಗೆಲುವನ್ನು ಹೇಳುವುದಿಲ್ಲ. ಬೆಳಗಿನ ಒಂದು ಗಂಟೆಯಲ್ಲಿ ಎಷ್ಟು ಉದ್ಯೋಗ, ಆಸ್ಪತ್ರೆ, ಶಾಲೆಗಳನ್ನು ಸ್ವಂತ ವಾಹನವಿಲ್ಲದೆ ತಲುಪಬಹುದು, ವಾಹನ ಬದಲಿಸುವಾಗ ಎಷ್ಟು ನಿಮಿಷ ಕಾಯಬೇಕು, ಬಡ ಕುಟುಂಬದ ಆದಾಯದಲ್ಲಿ ಓಡಾಟದ ಪಾಲು ಎಷ್ಟು, ರಸ್ತೆಯಲ್ಲಿ ಖಾಲಿ ಓಡುವ ವಾಹನ ಕಡಿಮೆಯಾಯಿತೇ ಎಂಬವು ನಿಜವಾದ ಅಳತೆಗೋಲುಗಳು. ರಾತ್ರಿ ಕೊನೆಯ ಮೆಟ್ರೋ ಇಳಿದ ನರ್ಸ್ ಎಷ್ಟು ಹೊತ್ತಿಗೆ, ಎಷ್ಟು ಖರ್ಚಿನಲ್ಲಿ, ಎಷ್ಟು ನಿರ್ಭಯವಾಗಿ ಮನೆ ಸೇರುತ್ತಾಳೆಂದು ಕೇಳಿದರೆ ಈ ಅಳತೆಗಳೆಲ್ಲ ಒಟ್ಟಿಗೆ ಬಂದಂತೆ.

ಹ್ಯಾಂಬರ್ಗ್‌ನ ಒಕ್ಕೂಟ ಇಂದಿಗೂ ನಡೆದಿದೆ. ಎಚ್‌ವಿವಿ ಸ್ವಿಚ್ ಎಂಬ ಅದರ ಆ್ಯಪ್‌ನಲ್ಲಿ ಬಸ್ಸು, ರೈಲುಗಳ ಟಿಕೆಟ್ಟಿನ ಪಕ್ಕದಲ್ಲೇ ಬಾಡಿಗೆ ಕಾರು, ವಿದ್ಯುತ್ ಸ್ಕೂಟರ್, ಹಲವರು ಸೇರಿ ಹೋಗುವ ವ್ಯಾನುಗಳೂ ಸಿಗುತ್ತವೆ. ಆಮ್‌ಸ್ಟರ್‌ಡ್ಯಾಮ್‌ನ ಬಿಳಿ ಸೈಕಲ್‌ಗಳು ಬೀದಿಯಿಂದ ಬೇಗನೆ ಮರೆಯಾದವು. ಅವು ಬಿಟ್ಟುಹೋದ ಕನಸಿಗೆ ನೆಲೆ ಸಿಕ್ಕಿದ್ದು, ಅರವತ್ತು ವರ್ಷ ಬಸ್ಸು ರೈಲುಗಳ ವೇಳೆ ಹೊಂದಿಸುತ್ತ ಜನರ ನಂಬಿಕೆ ಗಳಿಸಿದ ಇಂಥ ಸಂಸ್ಥೆಗಳಲ್ಲಿ.